ನಿಮ್ಮ ಪಿಎಫ್ ಅರ್ಜಿ ಈಗ ಯಾರ ಲಾಗಿನ್‌ನಲ್ಲಿದೆ?

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ. 2015ರಿಂದ 2023ರವರೆಗೆ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. ಅತ್ತೆಗೆ ಲಕ್ವ ಹೊಡೆದ ಮೇಲೆ ಕೆಲಸ ಬಿಟ್ಟರು. ಮಗಳ ಪಿಯುಸಿ ಫೀಸಿಗೆ ಬೇಕಾಗಿ ಸೈಬರ್ ಸೆಂಟರ್‌ಗೆ ಹೋಗಿ ಪಿಎಫ್ ಅರ್ಜಿ ಹಾಕಿಸಿದರು. ಹೆಸರು ಹೊಂದುತ್ತಿಲ್ಲ ಅಂತ ಅರ್ಜಿ ರಿಜೆಕ್ಟ್ ಆಯಿತು. ಸೈಬರ್‌ನವರು ಏನೋ ಮಾಡಿ ಇನ್ನೊಂದು ಸಲ ಹಾಕಿದರು. ಈ ಸಲ ಕೆಲಸ ಬಿಟ್ಟ ದಿನಾಂಕ ನಮೂದಾಗಿಲ್ಲ ಅಂತ ಬಂತು. ಮೂರನೇ ಸಲ ಹಾಕಿದಾಗ, ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರಿದೆ ಎಂಬ ಕಾರಣ. ಪ್ರತಿ ಸಲವೂ ಸೈಬರ್‌ಗೆ ದುಡ್ಡು, ಬಸ್ಸಿಗೆ ದುಡ್ಡು, ಒಂದು ದಿನದ ಮನೆಗೆಲಸ ಬಾಕಿ. ಕೊನೆಗೆ ಫೋನ್ ಹಿಡಿದು ನಮ್ಮನೆಗೆ ಬಂದರು. "ಇಂಗ್ಲಿಷಲ್ಲಿ ಏನು ಬರೆದಿದ್ದಾರೆ ನೋಡಿ. ನಾನೇನು ತಪ್ಪು ಮಾಡಿದ್ದೀನಿ ಹೇಳಿ" ಅಂದರು.

ಅವರು ಏನೂ ತಪ್ಪು ಮಾಡಿಲ್ಲ. ಕೆಲಸಕ್ಕೆ ಸೇರಿದ ದಿನ ಗೇಟಿನ ಪಕ್ಕದ ರೂಮಿನಲ್ಲಿ ಯಾರೋ ಅವರ ಹೆಸರು ಕೇಳಿಕೊಂಡು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದಾರೆ. ಕೊನೆಯ 'ಮ್ಮ'ಗೆ ಎರಡು ಎಂ ಹಾಕುವ ಬದಲು ಒಂದೇ ಹಾಕಿದ್ದಾರೆ. ಇನಿಶಿಯಲ್ ಬಿಟ್ಟಿದ್ದಾರೆ. ಆಮೇಲೆ ಎಂಟು ವರ್ಷ ಪ್ರತಿ ತಿಂಗಳೂ ಸಂಬಳದಿಂದ ದುಡ್ಡು ಹಿಡಿದಿದ್ದಾರೆ. ಹಿಡಿಯುವಾಗ ಆ ಒಂದು ಎಂ ಯಾರಿಗೂ ಅಡ್ಡ ಬರಲಿಲ್ಲ. ಕೊಡುವಾಗ ಬಂತು.

ನಮ್ಮ ಕಡೆಯ ಹೆಸರುಗಳಿಗೆ ಈ ಕಷ್ಟ ಬೇರೆಯವರಿಗಿಂತ ಜಾಸ್ತಿ. ಕನ್ನಡದಲ್ಲಿ ಒಂದೇ ರೀತಿ ಬರೆಯುವ ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕು ರೂಪ ಇರುತ್ತದೆ. ಗೌರಮ್ಮ ಅಂತ ಬರೆಯಲು ಒಬ್ಬರು ಒ ಪಕ್ಕ ಡಬ್ಲ್ಯು ಹಾಕುತ್ತಾರೆ, ಇನ್ನೊಬ್ಬರು ಯು ಹಾಕುತ್ತಾರೆ. ಸಿದ್ದಮ್ಮನಿಗೆ ಒಂದು ಕಡೆ ಎಚ್ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ ಆಗಿ ನಿಲ್ಲುತ್ತದೆ. ಆಧಾರ್‌ನಲ್ಲಿ ಅದು ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಪ್ಯಾನ್‌ನಲ್ಲಿ ಪೂರ್ತಿ ಬಿಡಿಸಿ ಬರೆದದ್ದು. ಹುಟ್ಟಿದ ದಿನಾಂಕದ್ದೂ ಇದೇ ಕಥೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಒಂದು ಕಡೆ. ವರ್ಷ ಮಾತ್ರ ಗೊತ್ತಿದ್ದುದರಿಂದ ಹಾಕಿದ ಜನವರಿ 1 ಇನ್ನೊಂದು ಕಡೆ. ಮನುಷ್ಯರು ನೋಡಿದರೆ ಎರಡೂ ಒಬ್ಬರದೇ ಅಂತ ಗೊತ್ತಾಗುತ್ತದೆ. ಕಂಪ್ಯೂಟರ್‌ಗೆ ಅವರು ಇಬ್ಬರು.

ಈ ಹಣ ನಮ್ಮ ಕಾರ್ಮಿಕರಿಗೆ ಎಷ್ಟು ಮುಖ್ಯ ಅನ್ನುವುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅನ್ನುವುದು ಅದರ ಸಾರ. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಬಿಟ್ಟು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಸಾವಿರಾರು ಜನ. ಎರಡನೇ ದಿನ ಸಂಜೆಯ ಹೊತ್ತಿಗೆ ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ನಿಯಮವನ್ನು ವಾಪಸ್ ಪಡೆದರು. ಎರಡೇ ದಿನದಲ್ಲಿ ದೇಶದ ನಿಯಮ ಬದಲಾಯಿತು.

ಆದರೆ ಅದೇ ಹೆಣ್ಣುಮಕ್ಕಳಲ್ಲಿ ಒಬ್ಬರು ಹೆಸರಿನ ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆ ಅಲೆಯುತ್ತಾರೆ. ಇದು ಯಾಕೆ ಹೀಗೆ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ನಿಯಮ ಎಲ್ಲರನ್ನೂ ಒಟ್ಟಿಗೆ ತಟ್ಟುತ್ತದೆ, ಹಾಗಾಗಿ ಎಲ್ಲರೂ ಒಟ್ಟಿಗೆ ರಸ್ತೆಗೆ ಬರುತ್ತಾರೆ. ಕಾಗುಣಿತದ ತಪ್ಪು ಹಾಗಲ್ಲ. ಅದು ಒಬ್ಬೊಬ್ಬರನ್ನೇ ಕೌಂಟರ್ ಮುಂದೆ ತಂದು ನಿಲ್ಲಿಸುತ್ತದೆ. ಪಕ್ಕದಲ್ಲಿ ನಿಂತವರದು ಬೇರೆ ತಪ್ಪು. ಎಲ್ಲರಿಗೂ ಇದು ತನ್ನೊಬ್ಬಳದೇ ಸಮಸ್ಯೆ ಅನ್ನಿಸುತ್ತದೆ. ತನ್ನದೇ ತಪ್ಪು ಅಂತಲೂ ಅನ್ನಿಸುತ್ತದೆ.

ಹಾಗಾದರೆ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಪಿಎಫ್ ಅಂದರೆ ಒಂದೇ ಕಚೇರಿ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ನಿಮ್ಮ ವಿವರ ಐದು ಕಡೆ ಕೂತಿದೆ. ಹೆಸರು, ಹುಟ್ಟಿದ ದಿನಾಂಕ ಆಧಾರ್‌ನವರ ಬಳಿ. ಸೇರಿದ ದಿನ, ಬಿಟ್ಟ ದಿನ, ಸಂಬಳ ಕಂಪನಿಯ ಬಳಿ. ಖಾತೆ ಬ್ಯಾಂಕಿನಲ್ಲಿ. ಪ್ಯಾನ್ ಆದಾಯ ತೆರಿಗೆಯವರಲ್ಲಿ. ಐದನೆಯದು ಇಪಿಎಫ್‌ಒ, ಅಂದರೆ ಪಿಎಫ್ ನಡೆಸುವ ಕೇಂದ್ರದ ಸಂಸ್ಥೆ. ಇವೆಲ್ಲ ಒಂದಕ್ಕೊಂದು ಹೊಂದಿದರೆ ಮಾತ್ರ ಅದು ಹಣ ಬಿಡುತ್ತದೆ. ಕೌಂಟರ್‌ನಲ್ಲಿ ಕೂತವರಿಗೆ ಇದರಲ್ಲಿ ಬಹುಪಾಲನ್ನು ತಿದ್ದುವ ಅಧಿಕಾರವೇ ಇಲ್ಲ. ಅವರು ಪರದೆ ನೋಡಿ ಹೇಳಬಲ್ಲರು, ಅಷ್ಟೇ. ನಾವು ಬೆಳಗ್ಗೆಯಿಂದ ಕ್ಯೂ ನಿಂತು, ಏನೂ ಮಾಡಲಾಗದವರ ಹತ್ತಿರ ಬೇಡಿಕೊಂಡು, ಬೇಜಾರಾಗಿ ವಾಪಸ್ ಬರುತ್ತೇವೆ.

ಅದಕ್ಕೇ ನಾನು ಈಗ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. "ನನ್ನ ಹಣ ಯಾವಾಗ ಬರುತ್ತೆ?" ಅಂತ ಕೇಳಬೇಡಿ. "ಇದು ಈಗ ಯಾರ ಲಾಗಿನ್‌ನಲ್ಲಿ ಇದೆ, ಯಾವ ದಿನದಿಂದ ಇದೆ?" ಅಂತ ಕೇಳಿ. ಮೊದಲನೇ ಪ್ರಶ್ನೆಗೆ "ಬರುತ್ತೆ ಹೋಗಿ" ಅನ್ನುವ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಒಂದು ಹೆಸರು, ಒಂದು ದಿನಾಂಕ ಸಿಗುತ್ತದೆ. ಅಲ್ಲಿಂದ ಮುಂದೆ ದಾರಿ ಇದೆ.

ಹೆಸರು ತಿದ್ದುವ ದಾರಿಯನ್ನೇ ನೋಡಿ. ಅದಕ್ಕೆ ಜಾಯಿಂಟ್ ಡಿಕ್ಲರೇಷನ್ ಅನ್ನುತ್ತಾರೆ. ಕಾರ್ಮಿಕರು ಮತ್ತು ಕಂಪನಿ ಇಬ್ಬರೂ ಸೇರಿ "ಇದು ತಪ್ಪು, ಇದು ಸರಿ" ಅಂತ ಹೇಳಬೇಕು. ಕಾರ್ಮಿಕರು ತಮ್ಮ ಲಾಗಿನ್‌ನಿಂದ ಕೋರಿಕೆ ಹಾಕಿದರೆ ಅದು ಕಂಪನಿಯ ಲಾಗಿನ್‌ಗೆ ಹೋಗುತ್ತದೆ. ಅಲ್ಲಿ ಎಚ್‌ಆರ್ ಒಪ್ಪಬೇಕು. ಮುಂಚೆ ಅದಾದ ಮೇಲೆ ಪಿಎಫ್ ಕಚೇರಿಯೂ ನೋಡಿ ಒಪ್ಪಬೇಕಿತ್ತು. ಕೆಲಸ ಬಿಟ್ಟವರ ಕೋರಿಕೆ ಎಚ್‌ಆರ್‌ನವರಿಗೆ ಕೊನೆಯ ಕೆಲಸ. ಫೋನ್ ಎತ್ತುವುದಿಲ್ಲ. ಗೇಟಿನಲ್ಲಿ ಸೆಕ್ಯುರಿಟಿ ಒಳಗೆ ಬಿಡುವುದಿಲ್ಲ. ತಪ್ಪು ಟೈಪ್ ಮಾಡಿದವರು ಕಂಪನಿಯವರು, ತಿದ್ದಲು ಒಪ್ಪಿಗೆ ಕೊಡಬೇಕಾದವರೂ ಅವರೇ. ಕೊಡದಿದ್ದರೆ ಅವರಿಗೆ ಒಂದು ರೂಪಾಯಿ ನಷ್ಟವಿಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಅನ್ಯಾಯ ಅನ್ನಿಸುವುದು ಇದೇ.

ಇನ್ನೊಂದು ವಿಷಯ ಗಡಿಯಾರದ್ದು. 1952ರ ಪಿಎಫ್ ಯೋಜನೆಯ 72ನೇ ಪ್ಯಾರಾ ಕಾರ್ಮಿಕರ ಪರವಾಗಿಯೇ ಇದೆ. ಅರ್ಜಿ ಬಂದ 20 ದಿನದೊಳಗೆ ಹಣ ಕೊಡಬೇಕು. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಕಮಿಷನರ್ ಹೊಣೆ. ವರ್ಷಕ್ಕೆ ಶೇ 12ರಂತೆ ಬಡ್ಡಿ ಹಾಕಿ ಅವರ ಸಂಬಳದಿಂದಲೇ ಹಿಡಿಯಬಹುದು. ಓದಿದರೆ ಸಮಾಧಾನ ಆಗುತ್ತದೆ. ಆದರೆ ಅದೇ ಪ್ಯಾರಾದಲ್ಲಿ ಒಂದು ಮಾತು ಸೇರಿದೆ: ಅರ್ಜಿ ಎಲ್ಲ ರೀತಿಯಲ್ಲೂ ಪೂರ್ಣವಾಗಿರಬೇಕು. ಒಂದು ಅಕ್ಷರ ಹೊಂದದಿದ್ದರೆ ಅರ್ಜಿ ಪೂರ್ಣವಲ್ಲ. ರಿಜೆಕ್ಟ್ ಮಾಡಿದರೆ ಕಚೇರಿಯ ಲೆಕ್ಕದಲ್ಲಿ ಆ ಅರ್ಜಿ ಮುಗಿಯಿತು. ಮತ್ತೆ ಹಾಕಿದರೆ ಅದು ಹೊಸ ಅರ್ಜಿ, 20 ದಿನ ಮತ್ತೆ ಒಂದರಿಂದ ಶುರು. ಕಚೇರಿಯ ಗಡಿಯಾರ ಪ್ರತಿ ಸಲ ಸೊನ್ನೆಗೆ ಬರುತ್ತದೆ. ನಮ್ಮ ಅಕ್ಕನ ಮಗಳ ಫೀಸಿನ ಕೊನೆಯ ದಿನಾಂಕ ಹಾಗೆ ಹಿಂದೆ ಹೋಗುವುದಿಲ್ಲ ಅಲ್ವಾ?

ಒಂದೊಂದು ಸಲ ಒಂದೊಂದು ಕಾರಣ ಹೇಳಿ ವಾಪಸ್ ಕಳಿಸುವುದು ಇಪಿಎಫ್‌ಒಗೂ ಗೊತ್ತಿರುವ ವಿಷಯವೇ. 2022ರ ಕೊನೆಯಲ್ಲಿ ಅದು ತನ್ನ ಕಚೇರಿಗಳಿಗೆ ಸೂಚನೆ ಕೊಟ್ಟಿತು. ಮೊದಲ ಸಲವೇ ಅರ್ಜಿಯನ್ನು ಪೂರ್ತಿ ಪರಿಶೀಲಿಸಿ, ಎಲ್ಲ ಕೊರತೆಗಳನ್ನೂ ಒಟ್ಟಿಗೆ ತಿಳಿಸಿ, ಒಂದೇ ಅರ್ಜಿಯನ್ನು ಬೇರೆ ಬೇರೆ ಕಾರಣಕ್ಕೆ ಮತ್ತೆ ಮತ್ತೆ ತಳ್ಳಬೇಡಿ ಅಂತ. ನಿಮಗೆ ಎರಡನೇ ಸಲ ಹೊಸ ಕಾರಣ ಬಂದರೆ ಈ ಸೂಚನೆಯನ್ನು ದೂರಿನಲ್ಲಿ ಬರೆಯಿರಿ. ಅದು ನಿಮ್ಮ ಹಕ್ಕು.

ಕಚೇರಿಯವರ ಕಡೆಯನ್ನೂ ಹೇಳಬೇಕು. ಬೇರೆಯವರ ಖಾತೆಯ ಹಣ ಎತ್ತುವ ಮೋಸ ನಡೆದೇ ನಡೆಯುತ್ತದೆ. ಹೆಸರು ಹೊಂದದ ಅರ್ಜಿಗೆ ಹಣ ಬಿಟ್ಟು, ಆಮೇಲೆ ನಿಜವಾದ ಮಾಲೀಕರು ಬಂದರೆ ಸಹಿ ಮಾಡಿದ ಕ್ಲರ್ಕ್ ಉತ್ತರ ಕೊಡಬೇಕು. ತಪ್ಪಾಗಿ ಹಣ ಕೊಟ್ಟರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ತಪ್ಪಾಗಿ ಹಣ ತಡೆದರೆ ಕೇಳುವವರು ಕಡಿಮೆ. ಹೀಗಿದ್ದಾಗ ಅವರ ಕೈ ರಿಜೆಕ್ಟ್ ಕಡೆಗೇ ಹೋಗುತ್ತದೆ. ಕೆಟ್ಟವರು ಅಂತಲ್ಲ, ವ್ಯವಸ್ಥೆ ಅವರನ್ನು ಹಾಗೆ ಕೂರಿಸಿದೆ.

ಅದರ ಬೆಲೆ ಮಾತ್ರ ದೊಡ್ಡದು. 2024ರ ಫೆಬ್ರವರಿಯಲ್ಲಿ ಕೊಚ್ಚಿಯ ಪಿಎಫ್ ಕಚೇರಿಯಲ್ಲಿ ಒಬ್ಬ ವಯಸ್ಸಾದ ನಿವೃತ್ತ ಗುತ್ತಿಗೆ ಕಾರ್ಮಿಕರು ತಮ್ಮ ಪ್ರಾಣ ತೆಗೆದುಕೊಂಡರು. ಕ್ಯಾನ್ಸರ್ ಇತ್ತು ಅವರಿಗೆ. ದಾಖಲೆಗಳಲ್ಲಿ ಹುಟ್ಟಿದ ದಿನಾಂಕ ಹೊಂದಲಿಲ್ಲ ಅಂತ ವರ್ಷಗಟ್ಟಲೆ ಅವರ ಹಣ ನಿಂತಿತ್ತು.

2025ರಲ್ಲಿ ಕೆಲವು ಒಳ್ಳೆಯ ಬದಲಾವಣೆ ಬಂದವು. ಪ್ರತಿ ಪಿಎಫ್ ಸದಸ್ಯರಿಗೂ ಕೊಡುವ ಯುಎಎನ್ ನಂಬರ್ 2017ರ ಅಕ್ಟೋಬರ್ 1 ಅಥವಾ ಆಮೇಲೆ ಸಿಕ್ಕಿದ್ದು, ಆಧಾರ್ ಜೊತೆ ಸರಿಯಾಗಿ ಜೋಡಣೆ ಆಗಿದ್ದರೆ, ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕವನ್ನು ಈಗ ಸದಸ್ಯರೇ ತಿದ್ದಬಹುದು. ಕಂಪನಿಯ ಒಪ್ಪಿಗೆ ಬೇಡ, ಕಾಗದ ಹಚ್ಚುವುದೂ ಬೇಡ. ಏಪ್ರಿಲ್‌ನಿಂದ ಚೆಕ್ ಹಾಳೆಯ ಅಥವಾ ಪಾಸ್‌ಬುಕ್‌ನ ಫೋಟೊ ಹಾಕುವುದನ್ನು ತೆಗೆದರು. ಆ ಫೋಟೊ ಮಸುಕಾಗಿದೆ ಅಂತ ಎಷ್ಟು ಅರ್ಜಿ ಬಿದ್ದುಹೋಗುತ್ತಿದ್ದವು! ಬ್ಯಾಂಕ್ ಖಾತೆ ಜೋಡಿಸಲು ಕಂಪನಿ ಒಪ್ಪಬೇಕು ಅನ್ನುವುದೂ ಹೋಯಿತು. ಮುಂಗಡ ಹಣದ ಅರ್ಜಿಗಳನ್ನು 5 ಲಕ್ಷ ರೂಪಾಯಿವರೆಗೆ ಕಂಪ್ಯೂಟರೇ ಇತ್ಯರ್ಥ ಮಾಡುವ ವ್ಯವಸ್ಥೆ ಜೂನ್‌ನಲ್ಲಿ ಪ್ರಕಟವಾಯಿತು. ಕೆಲಸ ಬಿಟ್ಟ ದಿನಾಂಕವನ್ನು ಕಾರ್ಮಿಕರೇ ಹಾಕುವ ಅವಕಾಶವಂತೂ 2020ರಿಂದಲೇ ಇದೆ. ಕೊನೆಯ ಬಾರಿ ಹಣ ಕಟ್ಟಿ ಎರಡು ತಿಂಗಳಾಗಿರಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ಅಷ್ಟೇ. ಆದರೂ ಜನ ಈ ದಿನಾಂಕಕ್ಕಾಗಿ ಕಂಪನಿಯ ಗೇಟಿಗೆ ಅಲೆಯುತ್ತಲೇ ಇದ್ದಾರೆ. ಹೇಳುವವರಿಲ್ಲ.

ಈ ಬದಲಾವಣೆಗಳ ಹೊರಗೆ ಉಳಿದವರು ಯಾರು? 2017ರ ಅಕ್ಟೋಬರ್‌ಗಿಂತ ಮುಂಚೆ ಯುಎಎನ್ ಸಿಕ್ಕವರು. ಅಂದರೆ ಜಾಸ್ತಿ ವರ್ಷ ದುಡಿದವರು. ಅವರ ಹಣವೂ ಜಾಸ್ತಿ, ತಪ್ಪುಗಳೂ ಜಾಸ್ತಿ. ಅವರಿಗೆ ಇನ್ನೂ ಕಂಪನಿಯ ಒಪ್ಪಿಗೆ ಬೇಕು. ನಮ್ಮ ಅಕ್ಕನೂ ಈ ಗುಂಪಿನವರೇ. ಕಂಪನಿ ಮುಚ್ಚಿಹೋಗಿದ್ದರೆ ಗೆಜೆಟೆಡ್ ಅಧಿಕಾರಿ, ಬ್ಯಾಂಕ್ ಮ್ಯಾನೇಜರ್ ಅಂಥವರಿಂದ ಸಹಿ ಹಾಕಿಸಿ, ಕಾಗದದ ಜಾಯಿಂಟ್ ಡಿಕ್ಲರೇಷನ್ ಕೊಡಬೇಕು. ಕಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸ ಯುಎಎನ್ ಮಾಡಿಸಿಕೊಂಡವರಿಗೆ ಎರಡು, ಮೂರು ನಂಬರ್ ಇರುತ್ತವೆ. ಹಳೆಯದನ್ನು ಹೊಸದಕ್ಕೆ ವರ್ಗಾಯಿಸದೆ ಅರ್ಜಿ ಮುಂದೆ ಹೋಗುವುದಿಲ್ಲ. ಇನ್ನು ಮೊಬೈಲ್ ವಿಷಯ. ಆಧಾರ್ ಮಾಡಿಸುವಾಗ ಕೊಟ್ಟ ನಂಬರ್ ಗಂಡನದು, ಅಥವಾ ರೀಚಾರ್ಜ್ ಇಲ್ಲದೆ ಬಂದ್ ಆದ ಸಿಮ್‌ದು. ಒಟಿಪಿ ಯಾರಿಗೆ ಹೋಗುತ್ತಿದೆಯೋ ಗೊತ್ತಿಲ್ಲ. ಎಷ್ಟೋ ಮನೆಗಳಲ್ಲಿ ಮೊದಲು ಸರಿ ಮಾಡಬೇಕಾದದ್ದು ಇದು.

ಒಂದು ಎಚ್ಚರಿಕೆ. ಹೆಸರು ಹೊಂದಿಲ್ಲ ಅಂದ ತಕ್ಷಣ ಸೈಬರ್‌ನವರು ಆಧಾರ್ ಬದಲಾಯಿಸಿ ಅನ್ನುತ್ತಾರೆ. ಅವಸರ ಬೇಡ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಂದು ಸಲ, ಹೆಸರನ್ನು ಎರಡು ಸಲ ಮಾತ್ರ ಬದಲಾಯಿಸಬಹುದು. ಪಿಎಫ್‌ಗೆ ಹೊಂದಿಸಲು ಆಧಾರ್ ತಿದ್ದಿದರೆ ನಾಳೆ ರೇಷನ್ ಕಾರ್ಡ್, ಬ್ಯಾಂಕ್, ಗೃಹಲಕ್ಷ್ಮಿ ಎಲ್ಲದರಲ್ಲೂ ಹೊಸ ಗಂಟು ಬೀಳಬಹುದು. ಆಧಾರ್ ಸರಿ ಇದ್ದರೆ ಅದನ್ನು ಮುಟ್ಟಬೇಡಿ. ಪಿಎಫ್ ದಾಖಲೆಯನ್ನೇ ಅದಕ್ಕೆ ಹೊಂದಿಸಿ.

ಕಚೇರಿಯನ್ನು ತಲುಪುವ ಬಗೆ ಹೇಗೆ? ಮೊದಲು, ಯಾವ ಕಚೇರಿ ಅನ್ನುವುದು ತಿಳಿದಿರಬೇಕು. ನಿಮ್ಮ ಊರಿನದಲ್ಲ, ನಿಮ್ಮ ಕಂಪನಿ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅದು. ಬೆಂಗಳೂರಿನಲ್ಲಿ ದುಡಿದು ರಾಯಚೂರಿಗೆ ವಾಪಸ್ ಹೋದವರ ಖಾತೆ ಬೆಂಗಳೂರಿನಲ್ಲೇ ಇರುತ್ತದೆ. ಬೆಂಗಳೂರಿನಲ್ಲೇ ಹಲವು ಕಚೇರಿಗಳಿವೆ. ತಪ್ಪು ಕಚೇರಿಯಲ್ಲಿ ಅರ್ಧ ದಿನ ಕಳೆದವರನ್ನು ನಾನೇ ನೋಡಿದ್ದೇನೆ.

14470 ಅನ್ನುವುದು ಸಹಾಯವಾಣಿ. ಮಾಹಿತಿ ಕೇಳಲು ಸರಿ. ಆದರೆ ಫೋನಿನಲ್ಲಿ ಆಡಿದ ಮಾತು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಇಪಿಎಫ್‌ಒದ ದೂರು ಪೋರ್ಟಲ್ ಇಪಿಎಫ್‌ಐಜಿಎಂಎಸ್‌ನಲ್ಲಿ ಬರೆದರೆ ನೋಂದಣಿ ಸಂಖ್ಯೆ ಸಿಗುತ್ತದೆ. ಅದನ್ನು ಬರೆಯುವುದರಲ್ಲೂ ಒಂದು ಕ್ರಮ ಇದೆ. ಕಷ್ಟವನ್ನೆಲ್ಲ ಒಂದೇ ದೂರಿನಲ್ಲಿ ತುಂಬಬೇಡಿ. ಯುಎಎನ್, ಕ್ಲೈಮ್ ಐಡಿ, ಯಾವ ದಿನ ರಿಜೆಕ್ಟ್ ಆಯಿತು, ಯಾವ ಕಾರಣ, ನೀವು ಏನು ತಿದ್ದಿಸಿದಿರಿ, ಇಷ್ಟನ್ನು ಬರೆದು ಒಂದೇ ಪ್ರಶ್ನೆ ಕೇಳಿ. ಕಂಪನಿ ಒಪ್ಪಿಗೆ ಕೊಡುತ್ತಿಲ್ಲ ಅಂದರೆ ಅದನ್ನೇ ದೂರು ಮಾಡಿ. ಕೋರಿಕೆ ಇಂಥ ದಿನದಿಂದ ಮಾಲೀಕರ ಲಾಗಿನ್‌ನಲ್ಲಿ ಬಾಕಿ ಇದೆ, ಕಚೇರಿಯಿಂದ ಅವರಿಗೆ ಸೂಚನೆ ಕೊಡಿ ಅಂತ. ಉತ್ತರ ಸರಿ ಇಲ್ಲದಿದ್ದರೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್ ಇದೆ. ಅಲ್ಲಿ ಇತ್ಯರ್ಥಕ್ಕೆ 21 ದಿನದ ಗಡುವು.

ನನಗೆ ಜಾಸ್ತಿ ನಂಬಿಕೆ ಇರುವುದು ಪ್ರತಿ ತಿಂಗಳು 27ರ ಮೇಲೆ. 2023ರ ಜನವರಿಯಿಂದ ಇಪಿಎಫ್‌ಒ 'ನಿಧಿ ಆಪ್ಕೆ ನಿಕಟ್' ಅನ್ನುವ ಶಿಬಿರವನ್ನು ಆ ದಿನ ಎಲ್ಲ ಜಿಲ್ಲೆಗಳಲ್ಲಿ ನಡೆಸುತ್ತಿದೆ. 27 ರಜೆಯಾದರೆ ಮುಂದಿನ ಕೆಲಸದ ದಿನ. ಅಲ್ಲಿ ಅಧಿಕಾರಿಗಳು ಎದುರಿಗೆ ಕೂರುತ್ತಾರೆ, ಕಂಪನಿಯವರೂ ಬರಬಹುದು. ಹೋಗುವಾಗ ರಿಜೆಕ್ಟ್ ಆದ ಕಾರಣದ ಪ್ರಿಂಟ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದರೆ ಅದು, ಹಳೆಯ ಸಂಬಳದ ಚೀಟಿ, ಕಂಪನಿಯ ಐಡಿ ಕಾರ್ಡ್ ಒಯ್ಯಿರಿ. ಒಂದು ಪತ್ರ ಬರೆದು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದಕ್ಕೆ ಸೀಲು, ಸಹಿ ಹಾಕಿಸಿಕೊಳ್ಳಿ. ಕನ್ನಡದಲ್ಲೇ ಬರೆಯಿರಿ, ಏನೂ ತೊಂದರೆ ಇಲ್ಲ.

ಇಷ್ಟಕ್ಕೂ ಜಗ್ಗದಿದ್ದರೆ 10 ರೂಪಾಯಿಯ ಆರ್‌ಟಿಐ. ನನ್ನ ಅರ್ಜಿ ಯಾವ ದಿನ ಯಾವ ಅಧಿಕಾರಿಯ ಬಳಿ ಇತ್ತು ಅಂತ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಪಿಎಫ್ ಸದಸ್ಯರು ಗ್ರಾಹಕರೇ, ಅವರು ಗ್ರಾಹಕರ ವೇದಿಕೆಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ ಶಿವಕುಮಾರ್ ಜೋಶಿ ಪ್ರಕರಣದಲ್ಲಿ ಹೇಳಿದೆ. ಆ ದಾರಿ ನಿಧಾನ, ಆದರೆ ಇದೆ.

ಭಾಷೆಯ ಮಾತು ಹೇಳದೆ ಇರಲಾರೆ. ಪಿಎಫ್ ಬ್ಯಾಲೆನ್ಸ್ ಎಷ್ಟಿದೆ ಅಂತ ಕನ್ನಡದಲ್ಲಿ ಎಸ್‌ಎಂಎಸ್ ತರಿಸಿಕೊಳ್ಳುವ ವ್ಯವಸ್ಥೆಯನ್ನು ಇಪಿಎಫ್‌ಒ ಮಾಡಿದೆ. ಹಣ ಇದೆ ಅನ್ನುವುದು ಕನ್ನಡದಲ್ಲಿ ಗೊತ್ತಾಗುತ್ತದೆ. ಯಾಕೆ ಕೊಡುವುದಿಲ್ಲ ಅನ್ನುವುದು ಬರುವುದು ಇಂಗ್ಲಿಷಿನಲ್ಲಿ, ಅದೂ ಅರ್ಧ ಸಾಲಿನಲ್ಲಿ. ಆ ಅರ್ಧ ಸಾಲನ್ನು ಓದಿ ಹೇಳಿದ್ದಕ್ಕೇ ಜನ ಬ್ರೋಕರ್‌ಗಳಿಗೆ ದುಡ್ಡು ಕೊಡುತ್ತಿದ್ದಾರೆ. ಬರುವ ಕಾರಣಗಳು ಹೆಚ್ಚಾಗಿ ಅವವೇ. ಅವನ್ನು ಒಂದು ಸಲ ಕನ್ನಡಕ್ಕೆ ತಂದು, ಮುಂದೆ ಏನು ಮಾಡಬೇಕು ಅಂತ ಒಂದು ಸಾಲು ಸೇರಿಸಿದರೆ ಸಾಕು. ಇದನ್ನು ನಾವೆಲ್ಲ ಗಟ್ಟಿಯಾಗಿ ಕೇಳಬೇಕು.

ಇದು ಈಗ ಇನ್ನೂ ತುರ್ತು. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಟ್ರಸ್ಟಿಗಳ ಮಂಡಳಿ ಒಂದು ತೀರ್ಮಾನ ಮಾಡಿತು. ಕೆಲಸ ಬಿಟ್ಟವರು ಪೂರ್ತಿ ಪಿಎಫ್ ತೆಗೆಯಲು ಕಾಯುವ ಸಮಯ ಎರಡು ತಿಂಗಳಿಂದ 12 ತಿಂಗಳು, ಪೆನ್ಷನ್ ಭಾಗ ತೆಗೆಯಲು 36 ತಿಂಗಳು ಅಂತ. ಕಾದಷ್ಟೂ ಎಚ್‌ಆರ್ ಬದಲಾಗುತ್ತಾರೆ, ಕಂಪನಿ ಸ್ಥಳ ಬದಲಿಸುತ್ತದೆ, ಕೆಲವು ಮುಚ್ಚಿಯೇ ಹೋಗುತ್ತವೆ. ತಪ್ಪು ಗೊತ್ತಾಗುವ ಹೊತ್ತಿಗೆ ಒಪ್ಪಿಗೆ ಕೊಡುವವರೇ ಇರುವುದಿಲ್ಲ. ಹಾಗಾಗಿ ಇವತ್ತು ಕೆಲಸದಲ್ಲಿ ಇರುವವರು ದಯವಿಟ್ಟು ಇವತ್ತೇ ಲಾಗಿನ್ ಆಗಿ ನೋಡಿ. ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು, ನಾಮಿನಿ. ಗೇಟಿನ ಒಳಗಿರುವಾಗ ಎಚ್‌ಆರ್ ಬಳಿ ಹೋಗುವುದು ಎರಡು ನಿಮಿಷದ ಮಾತು.

ನಮ್ಮ ಅಕ್ಕನ ಕೆಲಸ ಅರ್ಧ ಆಗಿದೆ. ಬಿಟ್ಟ ದಿನಾಂಕವನ್ನು ನಮ್ಮನೆಯ ಜಗಲಿಯಲ್ಲಿ ಕೂತೇ ಒಟಿಪಿ ಹಾಕಿ ತುಂಬಿದೆವು. ಹೆಸರಿನ ಮತ್ತು ತಂದೆಯ ಹೆಸರಿನ ಕೋರಿಕೆ ಕಂಪನಿಯ ಲಾಗಿನ್‌ನಲ್ಲಿ ಎರಡು ತಿಂಗಳು ನಿಂತಿತ್ತು. ಅವರ ಜೊತೆ ಅದೇ ಲೈನಿನಲ್ಲಿ ಕೆಲಸ ಮಾಡುತ್ತಿದ್ದ ಗೆಳತಿ ಒಳಗಿನಿಂದ ಎಚ್‌ಆರ್‌ಗೆ ಹೇಳಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ಫಾರಂ 19ರ ಪಿಎಫ್ ಹಣ ಖಾತೆಗೆ ಬಂತು. ಫೀಸಿಗೆ ಅಷ್ಟರಲ್ಲಿ ಸಾಲ ಮಾಡಿದ್ದರು, ಅದನ್ನು ತೀರಿಸಿದರು. ಪೆನ್ಷನ್ ಭಾಗದ ಅರ್ಜಿ, ಫಾರಂ 10ಸಿ, ಇನ್ನೂ ಬಾಕಿ ಇದೆ. ಬರುವ 27ಕ್ಕೆ ಇಬ್ಬರೂ ಹೋಗುತ್ತಿದ್ದೇವೆ. ಪತ್ರದ ಎರಡು ಪ್ರತಿ ಬರೆದಾಗಿದೆ.